ಅಕ್ಕಿ ಕೋಣೆಯಲ್ಲಿ ಮಾತು ಬಿಟ್ಟ ಯಂತ್ರ

ಮೊನ್ನೆ ಆಷಾಢದಲ್ಲಿ ರೋಣದ ನನ್ನ ಹಳೆಯ ಹೈಸ್ಕೂಲಿಗೆ ಹೋಗಬೇಕಾಯಿತು. ಜೊತೆಗೆ ಕೆಲಸ ಮಾಡಿದ್ದ ಒಬ್ಬ ಮಾಸ್ತರರ ಬೀಳ್ಕೊಡುಗೆ. ಶಾಲು, ಹಾರ, ಮುಗಿಯದ ಭಾಷಣ ಎಲ್ಲ ಆದ ಮೇಲೆ ಊಟಕ್ಕೆಂದು ವರಾಂಡದಲ್ಲಿ ಕೈಹಿಡಿದು ಕರೆದೊಯ್ಯುತ್ತಿದ್ದರು. ಕೊನೆಯ ಕೋಣೆಯ ಬಾಗಿಲನ್ನು ಯಾರೋ ತೆರೆದರು. ತೇವ ಹಿಡಿದ ಗೋಣಿಚೀಲ, ಅದರ ಹಿಂದೆ ಹಳೆ ಅಕ್ಕಿಯ ಮುಗ್ಗಲು ವಾಸನೆ. ನಾನು ಹುಟ್ಟಿನಿಂದ ಕಣ್ಣಿಲ್ಲದವನು. ಮಂದಿಗೆ ಹಳೆಯ ಫೋಟೋ ನೋಡಿದಾಗ ಏನಾಗುತ್ತದೋ ನನಗೆ ಅದು ವಾಸನೆಯಿಂದ ಆಗುತ್ತದೆ. ಅವರಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಬಂದದ್ದು ಸಿಟ್ಟು. ಹತ್ತು ಹನ್ನೆರಡು ವರ್ಷದ ಹಿಂದಿನ ಒಂದು ಶ್ರಾವಣದ ಸಿಟ್ಟು, ಇನ್ನೂ ಬಿಸಿಬಿಸಿಯಾಗಿ ಅಲ್ಲೇ ಕೂತಿತ್ತು.

ಅದು ಬಿಸಿಯೂಟದ ದಾಸ್ತಾನು ಕೋಣೆ. ನನ್ನ ಕಂಪ್ಯೂಟರನ್ನೂ ಅಲ್ಲಿಯೇ ಇಟ್ಟಿದ್ದರು, ಏಕೆಂದರೆ ಇಡೀ ಶಾಲೆಯಲ್ಲಿ ಗಟ್ಟಿ ಬೀಗ ಇದ್ದದ್ದು ಅದೊಂದೇ ಕೋಣೆಗೆ. ಒಂದು ಗೋಡೆಗೆ ಅಕ್ಕಿ ಚೀಲ, ಇನ್ನೊಂದಕ್ಕೆ ಬೇಳೆ, ಎಣ್ಣೆ ಡಬ್ಬಿ, ನಡುವೆ ಮೇಜಿನ ಮೇಲೆ ನನ್ನ ಯಂತ್ರ. ಧಾರವಾಡದ ಹಾಸ್ಟೆಲಿನಲ್ಲಿ ಜೊತೆಗಿದ್ದ, ನನ್ನಂತೆಯೇ ಕಣ್ಣಿಲ್ಲದ ಗೆಳೆಯನೊಬ್ಬ ಕೂಡಿಸಿಕೊಟ್ಟದ್ದು. ಅದರೊಳಗೆ ಎಲ್ಲರ ಮನೆಯಲ್ಲಿರುವ ಬಣ್ಣದ ಚಿತ್ರಗಳ ವ್ಯವಸ್ಥೆ ಇರಲಿಲ್ಲ, ಯುನಿಕ್ಸ್ ಕುಲದ್ದೊಂದು ಇತ್ತು. ಮೌಸಿಲ್ಲ, ಚಿತ್ರವಿಲ್ಲ. ಕೀಲಿಮಣೆಯಲ್ಲಿ ಒಂದು ಆಜ್ಞೆ ಹೊಡೆದರೆ ಸಾಲು ಸಾಲಾಗಿ ಉತ್ತರ ಬರೆಯುತ್ತಿತ್ತು, ಬರೆದದ್ದನ್ನು ಬಾಯಿಬಿಟ್ಟು ಓದುತ್ತಿತ್ತು. ಚಿತ್ರವನ್ನೇ ನೋಡಲಾರದವನಿಗೆ ಇನ್ನೇನು ಬೇಕು? ಅದರ ಮೂಲ ಬರಹ, ಅಂದರೆ ಸೋರ್ಸು, ಎಲ್ಲರಿಗೂ ತೆರೆದದ್ದು. ಜಗತ್ತಿನ ಯಾವ ಮೂಲೆಯವರೋ ತಿದ್ದುತ್ತಾರೆ, ತಿದ್ದಿದ್ದನ್ನು ತಂದು ನಮ್ಮ ಯಂತ್ರದಲ್ಲೇ ಹೊಸದಾಗಿ ಕಟ್ಟಿಕೊಳ್ಳಬೇಕು. ಅಂಗಡಿಯ ಹಿಟ್ಟು ತರದೆ ಕಾಳು ತಂದು ಮನೆಯಲ್ಲೇ ಬೀಸಿಕೊಂಡ ಹಾಗೆ.

ಆ ಯಂತ್ರ ಬರುವ ಮುಂಚೆ ನಾನು ಓದಿದ್ದೆಲ್ಲ ಇನ್ನೊಬ್ಬರ ಬಾಯಿಂದ. ಅಕ್ಕ ಓದಿದಳು, ಹಾಸ್ಟೆಲಿನ ಗೆಳೆಯರು ಓದಿದರು, ನೌಕರಿಗೆ ಬಂದ ಮೇಲೆ ಸಹೋದ್ಯೋಗಿಗಳು ಓದಿದರು. ಓದುವವರಿಗೆ ಆಕಳಿಕೆ ಬಂದರೆ ಪಾಠ ಅಲ್ಲಿಗೇ ನಿಂತಿತು. ಅವರ ಮನೆಯಲ್ಲಿ ಜ್ವರ ಬಂದರೆ ನನ್ನ ಪರೀಕ್ಷೆ ಕೆಟ್ಟಿತು. ಸಾಕಾಗಿ ಹೋಗಿತ್ತು ನನಗೆ. ಯಂತ್ರ ಬಂದ ಮೇಲೆ ಯಾರ ಹಂಗೂ ಇಲ್ಲದೆ ಹತ್ತನೇ ತರಗತಿಗೆ ಇತಿಹಾಸ ಹೇಳುತ್ತಿದ್ದೆ, ಚಲೋ ಮಾಸ್ತರ ಅಂತ ಹೆಸರೂ ಬಂದಿತ್ತು. ಆ ವರ್ಷ ಹತ್ತನೇ ತರಗತಿಯ ಪುಸ್ತಕ ಬದಲಾಯಿತು. ಹಳೆಯದು ನನಗೆ ಬಾಯಿಪಾಠ, ಹೊಸದರಲ್ಲಿ ಒಂದಕ್ಷರ ಗೊತ್ತಿಲ್ಲ. ಬ್ರೈಲ್ ಪ್ರತಿ ಬರುವುದು ಮುಂದಿನ ವರ್ಷ. ಹೇಗೋ ಒಂದು ಸೀಡಿ ಸಿಕ್ಕಿತು, ಯಂತ್ರಕ್ಕೆ ಹಾಕಿಕೊಂಡು ಜೂನ್ ತಿಂಗಳಿಂದ ಪಾಠಕ್ಕೆ ಒಂದು ದಿನ ಮುಂದೆ ಓದಿಕೊಳ್ಳುತ್ತ ಹೊರಟಿದ್ದೆ.

ಎಲ್ಲ ನೆಟ್ಟಗಿತ್ತು. ನೆಟ್ಟಗಿದ್ದದ್ದು ನನಗೆ ಹಿಡಿಸಲಿಲ್ಲ. ಯಂತ್ರಕ್ಕೆ ಳ ಬರುತ್ತಿರಲಿಲ್ಲ. 'ರೈತರು ಬೆಳೆ ಬೆಳೆದರು' ಎಂದು ಬರೆದಿದ್ದರೆ 'ರೈತರು ಬೆಲೆ ಬೆಲೆದರು' ಎಂದು ಓದುತ್ತಿತ್ತು. ಬಾಳೆ ಬಾಲೆಯಾಗುತ್ತಿತ್ತು. ದಿನಾ ಕೇಳಿ ಕೇಳಿ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಗುತ್ತಿತ್ತು. ಗೆಳೆಯ ಫೋನು ಮಾಡಿ, ಹೊಸ ಸೋರ್ಸಿನಲ್ಲಿ ಳ ಸರಿ ಮಾಡಿದ್ದಾರೆ, ಆದರೆ ಹೊಸ ದನಿಗೆ ವ್ಯವಸ್ಥೆಯೂ ಹೊಸದೇ ಬೇಕು, ಪೂರಾ ಕಟ್ಟಬೇಕು ಎಂದ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದು ನನ್ನ ಸಲುವಾಗಿಯೇ ಹುಟ್ಟಿದ ಮಾತು. ನಾಗರ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಹೊಸ ಸೋರ್ಸು ತುಂಬಿ ಕಟ್ಟಲು ಹಚ್ಚಿದೆ. ಆರು ತಾಸಿನ ಕೆಲಸ. ಮಧ್ಯಾಹ್ನದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದೆ. ಫ್ಯಾನು ತಿರುಗಿತು, ಡಿಸ್ಕು ಗರಗರ ಅಂದಿತು, ಒಂದು ಬಾರಿ ಪೀಂ ಎಂದಿತು. ಆಮೇಲೆ ಮಾತಿಲ್ಲ. ಕಾದೆ. ಇನ್ನೊಮ್ಮೆ ಆರಿಸಿ ಹಚ್ಚಿದೆ. ಮಾತಿಲ್ಲ.

ನಿಮಗೆ ಕಂಪ್ಯೂಟರು ಕೆಟ್ಟರೆ ಪರದೆಯ ಮೇಲೆ ಏನೋ ಕಾಣುತ್ತದೆ, ಏನಾಯಿತೆಂದು ಅದೇ ಹೇಳುತ್ತದೆ. ನನ್ನದು ಕೆಟ್ಟರೆ ಏನು ಕೆಟ್ಟಿದೆಯೆಂದು ಹೇಳಬೇಕಾದ ಬಾಯಿಯೇ ಕೆಟ್ಟಿರುತ್ತದೆ. ಆಗ ನಮ್ಮ ಕಿಸೆಯ ಫೋನುಗಳೂ ಇನ್ನೂ ಮಾತು ಕಲಿತಿರಲಿಲ್ಲ. ಗೆಳೆಯನಿಗೆ ಫೋನು ಹಚ್ಚಿದೆ. ಪರದೆಯ ಮೇಲೆ ಏನು ಬರೆದಿದೆ ಎಂದು ಯಾರಿಂದಾದರೂ ಓದಿಸು ಎಂದ. ಓದಿಸು! ಯಾವ ಗುಂಡಿಯಿಂದ ಎದ್ದು ಬಂದಿದ್ದೆನೋ ಮತ್ತೆ ಅದರಲ್ಲೇ ಬಿದ್ದಿದ್ದೆ.

ಒಂದು ವಾರ ಪಾಠವನ್ನು ಹೇಗೋ ಎಳೆದೆ. ಎಂಟನೇ ದಿನ ಹೆಡ್ ಮಾಸ್ತರು ಕರೆಸಿದರು. ಒಳ್ಳೆಯ ಮನುಷ್ಯರೇ, ಆದರೆ ಫಲಿತಾಂಶದ ಹೆಸರು ತೆಗೆದರೆ ಅವರಿಗೆ ಹೆಂಡತಿ ಮಕ್ಕಳೂ ನೆನಪಾಗುತ್ತಿರಲಿಲ್ಲ.

"ನೋಡ್ರಿ ಸರ, ಹತ್ತನೇತ್ತ ಅಂದ್ರ ಬೋರ್ಡ್ ಪರೀಕ್ಷೆ. ಪುಸ್ತಕಾ ಹೊಸಾದು. ಚೌತಿ ಸೂಟಿ ಮುಗಿಯೂತನಾ ಕಾಯ್ತೀನ್ರಿ. ಅಷ್ಟರಾಗ ನಿಮ್ಮ ಮಷೀನ ಮಾತಾಡಿತು, ಭೇಷ್. ಇಲ್ಲಂದ್ರ ಹತ್ತನೇತ್ತ ಬ್ಯಾರೇದವ್ರಿಗೆ ಕೊಡ್ತೀನಿ. ನೀವು ಎಂಟನೇತ್ತ ತಗೊಂಡು ಆರಾಮ ಇರ್ರಿ."

ಆರಾಮ ಇರ್ರಿ! ಕಣ್ಣಿಲ್ಲದವನಿಗೆ ಜೀವಮಾನವಿಡೀ ಮಂದಿ ಹೇಳುವ ಮಾತು ಇದೊಂದೇ. ನೌಕರಿಯೇನೂ ಹೋಗುತ್ತಿರಲಿಲ್ಲ, ಪಗಾರವೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಹತ್ತನೇ ತರಗತಿ ನನ್ನದು. ಅದನ್ನು ಕಿತ್ತುಕೊಂಡರೆ ನಾನು ಶಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ ಗಂಟು. ಏನಾದರೂ ಆಗಲಿ, ಚೌತಿಯೊಳಗೆ ಇದರ ಬಾಯಿ ಬಿಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಓದಲು ಯಾರು ಸಿಗಬೇಕು? ಮಾಸ್ತರರೆಲ್ಲರಿಗೂ ತಮ್ಮ ತಮ್ಮ ತರಗತಿ. ಮಧ್ಯಾಹ್ನ ಮೂರರ ಮೇಲೆ ಬಿಡುವಿದ್ದವಳು ಅಡುಗೆಯ ನೀಲವ್ವ ಒಬ್ಬಳೇ. ಐವತ್ತರ ಹತ್ತಿರದ ಹೆಂಗಸು, ತವರು ಲಕ್ಕಲಕಟ್ಟಿ, ಅಲ್ಲಿಯೇ ಏಳನೇ ತರಗತಿ ಪಾಸಾದವಳು. ಊಟ ಬಡಿಸಿ, ಭಾಂಡೆ ತಿಕ್ಕಿಟ್ಟು, ದಾಸ್ತಾನು ಕೋಣೆಗೆ ಬಂದು ಅಕ್ಕಿ ಹಸನು ಮಾಡುತ್ತ ಕೂಡುತ್ತಿದ್ದಳು. ಮೊರದ ಸಪ್ಪಳದಿಂದ ಆಕೆ ಬಂದದ್ದು ಗೊತ್ತಾಗುತ್ತಿತ್ತು.

"ನೀಲವ್ವಾ, ಎಬಿಸಿಡಿ ಬರ್ತೈತೇನು ನಿನಗ?"

"ಬರ್ತೈತ್ರಿ. ಕೂಡಿಸಿ ಓದೂದು ಅಷ್ಟಕ್ಕಷ್ಟರಿ."

ಅಷ್ಟು ಸಾಕಿತ್ತು, ಈ ಮಷೀನ ಅಂದ್ರ ನನ್ನ ಕಣ್ಣು ಎಂದು ಹೇಳಿ ಆಕೆಯನ್ನು ಪರದೆಯ ಮುಂದೆ ಕೂರಿಸಿದೆ. ಆಕೆ ಒಂದೊಂದೇ ಅಕ್ಷರ ಹೇಳುವುದು, ನಾನು ತಲೆಯೊಳಗೆ ಕೂಡಿಸಿಕೊಳ್ಳುವುದು. ಎನ್, ಓ. ನಡುವೆ ಜಾಗ. ಎಸ್, ಯು, ಸಿ, ಎಚ್. ಒಂದು ಸಾಲಿಗೆ ಎರಡು ನಿಮಿಷ. ನಾಲ್ಕು ದಿನ ಹೀಗೆ ನಡೆದ ಮೇಲೆ ಆಕೆಗೇ ಬೇಸರವಾಗಿ ಕೂಡಿಸಿ ಓದಲು ಶುರು ಮಾಡಿದಳು, ಅದೂ ಕನ್ನಡದ ಹಾಗೆ, ಬರೆದದ್ದು ಬರೆದಂತೆ.

"ನೋ ಸುಚ್ ದೇವೀಚೆ ಅಂತೈತ್ರಿ ಸರ."

"ಏನಂತೈತಿ?"

"ನೋ ಅಂದ್ರ ಇಲ್ಲ ಅಂತಲ್ರಿ? ದೇವಿ ಇಲ್ಲಂತೈತ್ರಿ. ಶ್ರಾವಣ ಮಾಸದಾಗ ಹಿಂಗ್ಯಾಕ ಅಂತೈತ್ರಿ ಇದು?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು 'ಡಿವೈಸ್', ಅಂದರೆ ಉಪಕರಣವೇ ಇಲ್ಲ ಎನ್ನುತ್ತಿದೆ, ದನಿ ಹೊರಡಿಸುವ ಸೌಂಡ್ ಕಾರ್ಡ್ ಅದಕ್ಕೆ ಸಿಗುತ್ತಿಲ್ಲ ಎಂದು ವಿವರಿಸಿದೆ. "ಹಂಗಾರ ದೇವಿ ಅದಾಳ್ರಿ?" ಎಂದು ಖಾತ್ರಿ ಮಾಡಿಕೊಂಡು ಮುಂದೆ ಓದಿದಳು.

ಗೆಳೆಯ ಫೋನಿನಲ್ಲಿ, ಮೊದಲು ಡಿಸ್ಕಿನಲ್ಲಿ ಜಾಗ ಇದೆಯೋ ನೋಡು, ಜಾಗವಿಲ್ಲದಿದ್ದರೆ ಕಟ್ಟುವುದು ಅರ್ಧಕ್ಕೇ ನಿಲ್ಲುತ್ತದೆ, ಅರೆಬರೆ ಕಟ್ಟಿದ್ದಕ್ಕೆ ಯಾವ ಕಾರ್ಡೂ ಕಾಣುವುದಿಲ್ಲ ಎಂದಿದ್ದ. ಅವನೇನು ಮೂರ್ಖನಲ್ಲ. ಮರುದಿನ ಶುಕ್ರವಾರ. ನೀಲವ್ವ ಕೋಣೆಯ ಗೂಡಿನಲ್ಲಿದ್ದ ಅನ್ನಪೂರ್ಣೆಯ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ ಬಂದು ಕೂತಳು. ನಾನು ಜಾಗ ತೋರಿಸುವ ಆಜ್ಞೆ ಹೊಡೆದೆ. ಪರದೆಯ ತುಂಬ ಅಂಕಿಗಳು ಬಂದವಂತೆ. ಅವನ್ನೆಲ್ಲ ಒಂದೊಂದಾಗಿ ಓದಿಸುವ ತಾಳ್ಮೆ ನನಗಿರಲಿಲ್ಲ. ನನ್ನ ದೊಡ್ಡ ಜಾಣತನ ಅಲ್ಲಿಯೇ ಹೊರಬಿತ್ತು.

"ನೀಲವ್ವಾ, ಇದೇನೂ ಕಠಿಣ ಅಲ್ಲ. ನಿನ್ನ ಅಕ್ಕಿ ಡಬ್ಬಿ ಇದ್ದಂಗ ಇದು. ಜಾಗ ಅಂದ್ರ ಅಕ್ಕಿ, ಬಳಸಿದಂಗೆಲ್ಲ ಇಳೀತೈತಿ. ಬಲಗಡಿ 'ಅವೇಲ್' ಅಂತ ಐತಿ ನೋಡು. ಅದರ ಕೆಳಗಿಂದು ಎಷ್ಟು ಉಳದೈತಿ ಅಂತ. ಉಳದೈತೋ ಇಲ್ಲೋ, ಅಷ್ಟ ಹೇಳು."

ಆಕೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಹೆಚ್ಚಾಗೈತ್ರಿ ಸರ" ಎಂದಳು.

"ಭೇಷ್ ಆತು ಬಿಡು" ಎಂದೆ. ಜಾಗ ಹೆಚ್ಚಾಗಿದ್ದರೆ ತಂಟೆ ಕಾರ್ಡಿನದೇ, ಸೋರ್ಸಿನದಲ್ಲ. ಗೆಳೆಯನಿಗೂ ಹಾಗೆಯೇ ಹೇಳಿದೆ. ಹಾಗಾದರೆ ಹಾರ್ಡ್‌ವೇರ್ ಒಂದೊಂದಾಗಿ ಸೋಸಿ ನೋಡು ಎಂದ.

ಸೋಸಿದೆ. ಸ್ಪೀಕರನ್ನು ಚೀಲದಲ್ಲಿ ಹಾಕಿಕೊಂಡು ನರಗುಂದದ ಬಸ್ಸು ಹತ್ತಿದೆ. ಜಿಟಿಜಿಟಿ ಮಳೆ. ಹೆಸರುಕಾಳು ಬಿಡಿಸುವ ಕಾಲ, ಬಸ್ಸಿನ ತುಂಬ ಹಸಿ ಹೆಸರುಕಾಯಿಯ ವಾಸನೆ, ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತಿವೆ ಎಂದು ಬೈಯುವ ಮಂದಿ. ಇಳಿದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಮಣ ಭಾರ. ಅಲ್ಲಿ ರೇಡಿಯೋ, ಮಿಕ್ಸರು ರಿಪೇರಿ ಮಾಡುವ ರಫೀಕ ಎಂಬವನಿದ್ದ. ಸ್ಪೀಕರನ್ನು ತನ್ನ ಟೇಪಿಗೆ ಹಚ್ಚಿ ಒಂದು ಹಾಡು ಹಾಕಿದ. ಅಂಗಡಿ ನಡುಗುವ ಹಾಗೆ ಹಾಡಿತು.

"ಸರ, ಇದು ಠಾಕಠೀಕ ಐತ್ರಿ. ಮಷೀನ ತರ್ರಿ, ಬಿಚ್ಚಿ ನೋಡೋಣು."

ಎರಡು ದಿನ ಬಿಟ್ಟು ಯಂತ್ರವನ್ನು ಹಾಸಿಗೆಯ ಚಾದರಿನಲ್ಲಿ ಸುತ್ತಿ, ಕೈಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮತ್ತೆ ನರಗುಂದ. ರಫೀಕ ಮುಚ್ಚಳ ತೆಗೆದವನೇ ಹೌಹಾರಿದ.

"ಯಾ ಅಲ್ಲಾ! ಸರ, ಇದರಾಗ ಏನ್ ಅಕ್ಕಿ ಬೀಸ್ತೀರೇನ್ರಿ? ನುಶಿ ತುಂಬ್ಯಾವಲ್ರಿ!"

ನನ್ನ ಬೆರಳು ಹಿಡಿದು ಮುಟ್ಟಿಸಿದ. ಕಾರ್ಡು ಕೂಡುವ ಸಂದಿಯ ತುಂಬ ಸತ್ತ ನುಶಿಹುಳ, ಅಕ್ಕಿಯ ನುಚ್ಚು, ತೌಡು. ಸಿಕ್ಕಿತಲ್ಲ ಕಳ್ಳ ಎಂದು ಎದೆ ಹಗುರಾಯಿತು. ಬ್ರಶ್ಶಿನಿಂದ ಉಜ್ಜಿ, ಊದಿ, ಕಾರ್ಡು ತಿರುಗಿ ಕೂಡಿಸಿದ. ರೋಣಕ್ಕೆ ಬಂದು ಹಚ್ಚಿದೆ. ಪೀಂ. ಮಾತಿಲ್ಲ. ರಫೀಕನ ಮಾತಿನ ಮೇಲೆ ಗಜೇಂದ್ರಗಡಕ್ಕೆ ಹೋದೆ, ಅಲ್ಲೊಂದು ಮುಚ್ಚಿದ ಇಂಟರ್‌ನೆಟ್ ಅಂಗಡಿಯವರು ಹಳೆಯ ಕಾರ್ಡುಗಳನ್ನು ಮಾರುತ್ತಿದ್ದರು. ಎರಡು ಕಾರ್ಡು ತಂದೆ. ಒಂದು ಹಾಕಿದೆ, ದೇವಿ ಇಲ್ಲ. ಇನ್ನೊಂದು ಹಾಕಿದೆ, ದೇವಿ ಇಲ್ಲ. ತಲೆ ಚಿಟ್ಟು ಹಿಡಿದು ಹೋಯಿತು.

ಕಾರ್ಡು ಬದಲಾಯಿಸಿದಾಗಲೆಲ್ಲ ಮತ್ತೆ ಕಟ್ಟಲು ಹಚ್ಚುತ್ತಿದ್ದೆ. ಆರು ತಾಸು. ನಾಲ್ಕನೇ ತಾಸಿಗೆ ಕರೆಂಟು ಹೋಗುತ್ತಿತ್ತು. ಕರೆಂಟು ಇದ್ದ ದಿನ ಐದನೇ ತಾಸಿಗೆ ಯಂತ್ರ ತಾನೇ ನಿಲ್ಲುತ್ತಿತ್ತು. ಕೊನೆಯ ಸಾಲು ಓದು ಎಂದರೆ ನೀಲವ್ವ ಪ್ರತಿ ಸಲವೂ ಅದನ್ನೇ ಓದುತ್ತಿದ್ದಳು: "ಎರರ್, ಕೋಡೆ, ಒಂದು. ಸ್ಟೋಪ್." ಯಾಕೆ ನಿಂತಿತು ಎಂಬುದು ಅದಕ್ಕಿಂತ ಮೇಲಿನ ಸಾಲಿನಲ್ಲಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೇಲಿನ ನೂರು ಸಾಲನ್ನು ಅಕ್ಷರ ಅಕ್ಷರ ಓದಿಸಿಕೊಳ್ಳುವ ಸಹನೆ ಸತ್ತಿತ್ತು. ಜಾಗವಂತೂ ಹೆಚ್ಚಾಗಿದೆ, ಇನ್ನೇನು ನೋಡುವುದು ಎಂದು ಮೊಂಡು ಹಿಡಿದು ಕೂತಿದ್ದೆ. ಮೇಜು ಗುದ್ದುತ್ತಿದ್ದೆ, ಗೆಳೆಯನಿಗೆ ಬೈಯುತ್ತಿದ್ದೆ, ಒಮ್ಮೊಮ್ಮೆ ನೀಲವ್ವನಿಗೂ. "ಲಗೂ ಓದವಾ, ಅದೇನ್ ಎತ್ತಿನಂಗ ಮೆಲುಕು ಹಾಕ್ತಿ" ಎನ್ನುತ್ತಿದ್ದೆ. ಆಕೆ ಅದೇ ಸಾಲನ್ನು ಮತ್ತೆ ಮೊದಲಿಂದ ಓದುತ್ತಿದ್ದಳು.

ಹೀಗೊಂದು ಮಧ್ಯಾಹ್ನ ಯಂತ್ರ ಗರಗರ ಕಟ್ಟುತ್ತಿತ್ತು, ಹೊರಗೆ ಮಳೆ ಹಿಡಿದಿತ್ತು, ಹೊಳಿ ಬಂದೈತಿ ಎಂದು ಹೊಳೆಮಣ್ಣೂರ ಕಡೆಯ ಹುಡುಗರು ಯಾರೂ ಬಂದಿರಲಿಲ್ಲ. ನೀಲವ್ವ ಕೇಳಿದಳು.

"ಸರ, ಇದು ಮುಗಿಯೂತನಾ ಸುಮ್ಮ ಕುಂದ್ರೂದಲ್ರಿ. ನಿಮ್ಮ ಪುಸ್ತಕಾನರ ಓದ್ಲೇನ್ರಿ? ಕನ್ನಡಾ ಆದ್ರ ನನಗ ಬರ್ತೈತ್ರಿ."

ಬೇಡ ಎಂದೆ. ಬೇಡ ಎಂದು ಹೇಳಿ ಕಾಲು ತಾಸು ಕೂತೆ. ಮರುದಿನ ಪಾಠ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. "ಓದು" ಎಂದು ಪುಸ್ತಕವನ್ನು ಆಕೆಯ ಕಡೆ ದೂಡಿದೆ.

ನೀಲವ್ವ ಓದುವುದಕ್ಕೂ ಯಂತ್ರ ಓದುವುದಕ್ಕೂ ಒಂದು ಫರಕು. ಯಂತ್ರ ಓದಿ ಮುಂದೆ ಹೋಗುತ್ತದೆ. ಈಕೆ ಮುಂದೆ ಹೋಗುವವಳೇ ಅಲ್ಲ. ಮೆಣಸಿಗಾಗಿ ಹಡಗು ಹತ್ತಿ ಬಂದರು ಎಂದು ಓದಿ, "ಅಯ್ಯ, ಒಗ್ಗರಣಿಗೆ ಇಷ್ಟ ದೂರ ಬಂದ್ರೇನ್ರಿ? ತಮ್ಮ ಊರಾಗ ಏನ್ ಉಣತಿದ್ರೋ ಪಾಪ" ಎಂದಳು. ಸಹಾಯಕ ಸೈನ್ಯ ಪದ್ಧತಿ ಬಂತು. ರಾಜರು ಬ್ರಿಟಿಷರ ಸೈನ್ಯವನ್ನು ತಮ್ಮ ರಾಜ್ಯದಲ್ಲಿ ಇಟ್ಟುಕೊಳ್ಳಬೇಕು, ಅದರ ಖರ್ಚು ತಾವೇ ಕೊಡಬೇಕು, ಅವರನ್ನು ಕೇಳದೆ ಯಾರ ಜೊತೆಗೂ ಒಪ್ಪಂದ ಮಾಡುವಂತಿಲ್ಲ. ಓದಿ ಪುಸ್ತಕ ತೊಡೆಯ ಮೇಲಿಟ್ಟು, "ಅಂದ್ರ ಮನಿಅಳಿಯಾನ ಇಟಗೊಂಡಂಗಲ್ರಿ ಇದು! ಉಣ್ಣಾಕ ಹಾಕೂದು ನಾವು, ಮಾತ ಕೇಳೂದು ಅವಂದು" ಎಂದಳು. ನಾನು ಹದಿನಾಲ್ಕು ವರ್ಷ ಆ ಪಾಠ ಹೇಳಿದ್ದೆ. ಅದು ಇಷ್ಟು ಸಲೀಸೆಂದು ನನಗೇ ಗೊತ್ತಿರಲಿಲ್ಲ. ಮರುದಿನ ತರಗತಿಯಲ್ಲಿ ಆ ಮಾತು ಹೇಳಿದೆ. ಶಿರೋಳದ ಹುಡುಗನೊಬ್ಬ ನಕ್ಕದ್ದು ಇನ್ನೂ ಕಿವಿಯಲ್ಲಿದೆ, ಅವನ ಮನೆಯಲ್ಲೂ ಒಬ್ಬ ಮನೆಅಳಿಯ ಇದ್ದನಂತೆ. ಆಮೇಲೆ ದಿನಾ ಮೂರಕ್ಕೆ ಆಕೆ ಬರುವುದು, ಒಂದು ತಾಸು ಓದುವುದು, ಆಮೇಲೆ ನಾನು ಯಂತ್ರದ ಜೊತೆ ಗುದ್ದಾಡುವುದು ರೂಢಿಯಾಯಿತು.

ಚೌತಿ ಸೂಟಿಗೆ ಎರಡೇ ದಿನ ಉಳಿದಿತ್ತು. ನಾನು ಆರನೆಯದೋ ಏಳನೆಯದೋ ಸಲ 'ಸ್ಟೋಪ್' ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಹೆಡ್ ಮಾಸ್ತರು ವರಾಂಡದಲ್ಲಿ ಹಾದು ಹೋಗುತ್ತಿದ್ದರು. ನೀಲವ್ವ ಬಾಗಿಲಿಗೆ ಹೋಗಿ ಕೂಗಿದಳು.

"ದೊಡ್ಡ ಸರ, ಅಕ್ಕಿ ಹೆಚ್ಚಾಗ್ಯಾವ್ರಿ. ನಾಳಿಗೆ ತರಸ್ರಿ."

"ಹೂಂ, ಹೇಳಿ ಕಳಸ್ತೀನಿ" ಎಂದು ಅವರು ಹೋದರು.

ನನ್ನ ಕೈ ತಲೆಯ ಮೇಲಿಂದ ಕೆಳಗಿಳಿಯಿತು. ಹೆಚ್ಚಾಗ್ಯಾವ. ತರಸ್ರಿ. ಹುಟ್ಟಿದಾಗಿನಿಂದ ಕೇಳಿದ ಮಾತು. ನಮ್ಮವ್ವ ಸಾಯುವತನಕ ಉಪ್ಪು ಮುಗಿಯಿತು ಎಂದವಳಲ್ಲ, ಉಪ್ಪು ಹೆಚ್ಚಾಗೈತಿ ಎಂದೇ ಅನ್ನುತ್ತಿದ್ದಳು. ಬಳೆ ಒಡೆದರೆ ಹೆಚ್ಚಿದವು, ಅಕ್ಕಿ ಮುಗಿದರೆ ಹೆಚ್ಚಾದವು. ಇದ್ದ ಮನೆಯಲ್ಲಿ ಇಲ್ಲ ಅನ್ನಬಾರದು, ನಮ್ಮ ಕಡೆ ಯಾವ ಹೆಂಗಸೂ ಅನ್ನುವುದಿಲ್ಲ. ಕೂಸಿಗೂ ಗೊತ್ತು ಇದು.

"ನೀಲವ್ವಾ, ಇಲ್ಲಿ ಬಾ. ಆವತ್ತ ಶುಕ್ರಾರ, ಜಾಗ ಹೆಚ್ಚಾಗೈತಿ ಅಂದ್ಯಲ್ಲ, ಭಾಳ ಐತಿ ಅಂತ ಹೆಚ್ಚೋ, ಈ ಅಕ್ಕಿ ಹೆಚ್ಚಾದಂಗ ಹೆಚ್ಚೋ?"

"ಅಕ್ಕಿ ಹೆಚ್ಚಾದಂಗ್ರಿ. ನೀವ ಅಲ್ರಿ ಅಕ್ಕಿ ಡಬ್ಬಿ ಇದ್ದಂಗ ಅಂದವ್ರು?"

ಆಜ್ಞೆ ಹೊಡೆದು ಅಂಕಿ ಓದಿಸಿದೆ. ಉಳಿದದ್ದರ ಕೆಳಗೆ ವಜಾ ಗೀಟು, ಅಂದರೆ ಸೊನ್ನೆಗಿಂತಲೂ ಕಡಿಮೆ. ಬಳಸಿದ್ದು ನೂರಕ್ಕೆ ನೂರಾ ಎಂಟು. ಈ ವ್ಯವಸ್ಥೆ ಆಪತ್ತಿಗೆಂದು ಒಂದಿಷ್ಟು ಜಾಗವನ್ನು ಲೆಕ್ಕಕ್ಕೆ ಹಿಡಿಯದೆ ಬೇರೆ ಎತ್ತಿಟ್ಟಿರುತ್ತದೆ, ಬಿತ್ತುವ ಬೀಜ ಎತ್ತಿಟ್ಟ ಹಾಗೆ. ನಾನು ಅದನ್ನೂ ತಿಂದು ಮುಗಿಸಿದ್ದೆ. ಅರ್ಧಕ್ಕೆ ನಿಂತ ಒಂದೊಂದು ಕಟ್ಟಡದ ಅವಶೇಷ ಅಲ್ಲಲ್ಲೇ ಬಿದ್ದು ಜಾಗ ನುಂಗಿತ್ತು. ಕಾರ್ಡು ಸರಿಯಿತ್ತು. ಸ್ಪೀಕರು ಸರಿಯಿತ್ತು. ನುಶಿಗಳೂ ನಿರಪರಾಧಿಗಳು. ಎರಡು ಸಲ ನರಗುಂದ, ಒಂದು ಸಲ ಗಜೇಂದ್ರಗಡ, ಮೂರು ವಾರ.

"ನೂರಾ ಎಂಟು ಅಂದ್ರ ಚಲೋ ಅಂಕಿನ ಅಲ್ರಿ?" ಎಂದಳು ನೀಲವ್ವ, ನನ್ನ ಮುಖ ನೋಡಿ ಹೆದರಿ ಇರಬೇಕು.

ಆಗ ಕಿರುಚಿದೆ. ಬಿಸಿಯೂಟದ ಭಾಂಡೆಗಳು ಝಣ್ ಅನ್ನುವ ಹಾಗೆ ಕಿರುಚಿದೆ. "ಖಾಲಿ ಅನ್ನಾಕ ಏನ್ ಧಾಡಿ ಆಗಿತ್ತು ನಿನಗ? ಖಾಲಿ! ಮುಗದೈತಿ! ಇಲ್ಲ! ಒಂದ್ ಮಾತು! ನನ್ನ ಹತ್ತನೇತ್ತ ಹೋಗೂ ಹೊತ್ತು ಬಂದೈತಿ ನಿನ್ನ ಈ ಮಡಿವಂತಿಕಿಯಿಂದ!"

ಮೊರ ಕೆಳಗಿಟ್ಟ ಸಪ್ಪಳವಾಯಿತು.

"ಸರ, ನೀವ ಅಂದಿದ್ರಿ, ಈ ಮಷೀನ ನನ್ನ ಕಣ್ಣು ಅಂತ. ಶ್ರಾವಣ ಶುಕ್ರಾರ, ಊದಿನಕಡ್ಡಿ ಹಚ್ಚೇನಿ. ಒಬ್ಬರ ಕಣ್ಣಿಗೆ ಖಾಲಿ ಆತು ಅಂತ ಹ್ಯಾಂಗ ಅನ್ಲಿರಿ?"

ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. ಕೀಲಿಮಣೆಯ ಕಡೆ ತಿರುಗಿ ಹಳೆಯ ಕಸವನ್ನೆಲ್ಲ ಅಳಿಸಲು ಕೂತೆ.

ಸೂಟಿಯ ಮೊದಲ ದಿನ ಬೀಗದ ಕೈ ಇಸಿದುಕೊಂಡು ಶಾಲೆಗೆ ಬಂದು ಕಟ್ಟಲು ಹಚ್ಚಿದೆ. ಕರೆಂಟಿಗೂ ಅವತ್ತು ಕರುಣೆ ಬಂದಿತ್ತು. ಮೂರು ಗಂಟೆಗೆ ಯಂತ್ರ ತನ್ನಷ್ಟಕ್ಕೆ ಆರಿ, ಹೊತ್ತಿ, ಪೀಂ ಎಂದು, ಒಂದು ಕ್ಷಣ ತಡೆದು ಮಾತಾಡಿತು. ಪಾಠ ತೆರೆದೆ. 'ರೈತರು ಬೆಳೆ ಬೆಳೆದರು' ಎಂದಿತು, ಳ ಅಂದರೆ ಳ, ನಾಲಿಗೆ ಮಡಚಿ ಹೇಳಿದ ಹಾಗೆ. ನಾನು ಒಬ್ಬನೇ ಅಕ್ಕಿ ಚೀಲಗಳ ನಡುವೆ ಕೂತು ಹುಚ್ಚನಂತೆ ನಕ್ಕೆ.

ಸೂಟಿ ಮುಗಿದು ಶಾಲೆ ತೆರೆದ ದಿನ ಹೆಡ್ ಮಾಸ್ತರು ಹೇಳದೆ ಕೇಳದೆ ಬಂದು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಸಹಾಯಕ ಸೈನ್ಯ ಪದ್ಧತಿಯ ಪುನರಾವರ್ತನೆ. ಮನೆಅಳಿಯನನ್ನು ಕರೆತಂದೆ. ಹುಡುಗರು ನಕ್ಕರು, ಕೇಳಿದ ಪ್ರಶ್ನೆಗೆಲ್ಲ ಪಟಪಟ ಉತ್ತರ ಕೊಟ್ಟರು. ಹೆಡ್ ಮಾಸ್ತರೂ ನಕ್ಕದ್ದು ಕೇಳಿಸಿತು. ಪಾಠ ಮುಗಿಸಿ ಹೊರಬಂದಾಗ ಬಿಸಿಯೂಟದ ಹೊತ್ತು, ವರಾಂಡದಲ್ಲಿ ನೀಲವ್ವ ಸಾರಿನ ಬಕೆಟ್ಟು ಇಳಿಸುತ್ತಿದ್ದಳು. ಆಕೆಯ ಎದುರಿಗೇ ಅವರು ನನ್ನ ಬೆನ್ನು ತಟ್ಟಿದರು.

"ಹತ್ತನೇತ್ತ ನಿಮ್ಮದ ಸರ, ಮುಗೀತು. ಮನಿಅಳಿಯಾ! ಏನ್ ಹೋಲಿಕಿ ಅಂತೀನಿ. ಮಷೀನ ಭಾಳ ಚಲೋ ಓದಿಸೈತಿ ಬಿಡ್ರಿ ನಿಮಗ."

ಮಷೀನ ಅಲ್ರಿ, ನೀಲವ್ವ ಓದಿಸ್ಯಾಳ್ರಿ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಅಡುಗೆಯವಳಿಂದ ಪಾಠ ಓದಿಸಿಕೊಂಡ ಮಾಸ್ತರ ಎನಿಸಿಕೊಳ್ಳಬೇಕಲ್ಲ ಎಂದು ನಾಲಿಗೆ ಹಿಂದಕ್ಕೆ ಸರಿಯಿತು. "ಹೌದ್ರಿ" ಎಂದೆ. ಹೌದ್ರಿ ಎಂದುಬಿಟ್ಟೆ. ಸಾರಿನ ಸೌಟು ಬಕೆಟ್ಟಿಗೆ ತಾಗಿದ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮೂರು ಗಂಟೆಗೆ ಆಕೆ ದಾಸ್ತಾನು ಕೋಣೆಗೆ ಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಮಾತಾಡಾಕ ಹತ್ತೈತಲ್ರಿ?"

"ಹತ್ತೈತಿ. ಳ ಸುದ್ದಾ ಬರ್ತೈತಿ."

"ಚಲೋ ಆತ್ರಿ. ಬರ್ತೀನ್ರಿ ಸರ."

"ಹೂಂ, ಬಾ" ಎಂದೆ.

ಮರುದಿನ ಮೂರಾಯಿತು. ಯಂತ್ರ ಓದುತ್ತಿತ್ತು. ಎಲ್ಲಿಯೂ ತಡವರಿಸಲಿಲ್ಲ, ಎಲ್ಲಿಯೂ ಅಯ್ಯ ಎನ್ನಲಿಲ್ಲ, ಯಾವ ರಾಜನಿಗೂ ಪಾಪ ಎನ್ನಲಿಲ್ಲ. ಹೊಸ ಪಾಠ ಪೂರಾ ಓದಿ ಮುಗಿಸಿತು, ನನಗೆ ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಅದರ ಮರುದಿನವೂ ನೀಲವ್ವ ಬರಲಿಲ್ಲ. ಅಕ್ಕಿಯನ್ನು ಅಡುಗೆಮನೆಗೇ ಒಯ್ದು ಹಸನು ಮಾಡುತ್ತಿದ್ದಾಳೆ ಎಂದು ಗೊತ್ತಾಯಿತು. ನಾಲ್ಕನೇ ದಿನ ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ತಪ್ಪು ನನ್ನದು ಎಂದು ಗೊತ್ತಿದ್ದೂ, ಬಾಯಿಗೆ ಬಂದದ್ದು ಹಳೆಯ ಸಿಟ್ಟೇ.

"ಏನ್ ನೀಲವ್ವಾ, ಬರ್ತೀನಿ ಅಂತ ಹೇಳಿ ಹೋದಾಕಿ ನಾಕ ದಿನ ಆತು, ಬರೂದ ಇಲ್ಲಲ್ಲ?"

ಮೊರದ ಸಪ್ಪಳ ನಿಂತಿತು.

"ಬರ್ತೀನಿ ಅಂದ್ರ ಹೋಗ್ತೀನಿ ಅಂತ್ರಿ ಸರ" ಎಂದಳು. "ಅದನ್ನೂ ನಾನ ಅಕ್ಷರ ಬಿಡಿಸಿ ಹೇಳಬೇಕೇನ್ರಿ?"